ಸ್ಕೋರ್‌ಬೋರ್ಡಿನ ಹೊಟ್ಟೆಯೊಳಗೆ

ಹಾಲಿನ ಪಾತ್ರೆಯ ಮೇಲೆ ತಗಡು ಇಟ್ಟಾಗ ಒಂದು ಸದ್ದು ಬರುತ್ತದೆ. ಸ್ಟೀಲಿನ ಮುಚ್ಚಳದ ಕಿಣಿಕಿಣಿಯಲ್ಲ. ಸ್ವಲ್ಪ ಮೊಂಡಾದ, ಗಂಟಲು ಕಟ್ಟಿದವರು ಯಾರನ್ನೋ ಕರೆದ ಹಾಗಿನ ‘ಟಣ್’. ಗುರುಗ್ರಾಮದ ಹದಿನಾಲ್ಕನೆಯ ಮಹಡಿಯ ನಮ್ಮ ಅಡುಗೆಮನೆಯಲ್ಲಿ ದಿನಾ ಬೆಳಿಗ್ಗೆ ಹಾಲು ಕಾಯಿಸಿ, ಅದು ಆರಿದ ಮೇಲೆ, ನಾನು ಈ ಸದ್ದು ಮಾಡುತ್ತೇನೆ. ಪಾತ್ರೆ ಗುಂಡಗಿದೆ, ತಗಡು ಚೌಕವಾಗಿದೆ, ನಾಲ್ಕು ಮೂಲೆಗಳೂ ಹೊರಗೆ ಚಾಚಿಕೊಂಡಿರುತ್ತವೆ. ಕಪ್ಪು ಬಣ್ಣದ ಮೇಲೆ ಬಿಳಿಯಲ್ಲಿ ಬರೆದ ನಾಲ್ಕರ ಅಂಕಿ ಚಾವಣಿಯನ್ನು ನೋಡುತ್ತ ಮಲಗಿರುತ್ತದೆ. “ಅಮ್ಮಾ, ದೂಧ್ ಪೇ ಫೋರ್ ಕ್ಯೂಂ ಹೈ?” ಎಂದು ಮಗಳು ಚಿಕ್ಕವಳಿದ್ದಾಗ ಕೇಳುತ್ತಿದ್ದಳು. ಈಗ ಕೇಳುವುದಿಲ್ಲ, ಅಮ್ಮನ ತಲೆ ಹೀಗೇ ಎಂದು ತೀರ್ಮಾನಿಸಿಬಿಟ್ಟಿದ್ದಾಳೆ. ಹಳೇ ಪೇಂಟಿನಲ್ಲಿ ಸೀಸ ಇರುತ್ತದೆ ಎಂದು ಗಂಡ ವರ್ಷಕ್ಕೊಮ್ಮೆಯಾದರೂ ನೆನಪಿಸುತ್ತಾರೆ. ಮನೆಯಲ್ಲಿ ಎರಡು ನೀರಿನ ಫಿಲ್ಟರ್ ಹಾಕಿಸಿದವಳು ನಾನು. ಲಿಫ್ಟಿನವರೆಗೆ ಹೋಗಿ ಗ್ಯಾಸ್ ಆರಿಸಿದೆನೋ ಇಲ್ಲವೋ ಎಂದು ಮೂರು ಸಲ ವಾಪಸ್ ಬರುವವಳು ನಾನು. ಮಗಳಿಗೆ ಒಂದು ಸೀನು ಬಂದರೆ ಗೂಗಲ್ಲಿನಲ್ಲಿ ಅರ್ಧ ವೈದ್ಯಕೀಯ ಶಾಸ್ತ್ರ ಓದಿ ಮುಗಿಸುವವಳೂ ನಾನೇ. ಅಂಥವಳು ಈ ತಗಡನ್ನು ಮಾತ್ರ ಬಿಟ್ಟಿಲ್ಲ.

ನೀವೂ ನಿಮ್ಮ ಮನೆಯಲ್ಲಿ ಇಂಥದ್ದೇನಾದರೂ ಇಟ್ಟುಕೊಂಡಿರಬಹುದು. ಯಾರೂ ಕೇಳದಿದ್ದರೆ ಸಾಕು ಎಂದು ಇಟ್ಟುಕೊಂಡದ್ದು, ಯಾರಾದರೂ ಒಮ್ಮೆ ಕೇಳಲಿ ಎಂದೂ ಇಟ್ಟುಕೊಂಡದ್ದು.

ನಾನು ಬೆಳೆದ, ದಿಲ್ಲಿಯ ಜನಕಪುರಿಯ ನೆಲಮಹಡಿಯ ಮನೆಯಲ್ಲಿ ಇಂಥ ತಗಡುಗಳು ಇಪ್ಪತ್ತಕ್ಕೂ ಹೆಚ್ಚಿದ್ದವು. ದೋಸೆ ಹಿಟ್ಟಿನ ಮೇಲೆ ಎಂಟು, ಮೊಸರಿನ ಮೇಲೆ ಸೊನ್ನೆ, ಉಪ್ಪಿನಕಾಯಿ ಭರಣಿಯ ಮೇಲೆ ಒಂದು ಮೂಲೆ ಮುರಿದ ಐದು. “ಆ ಸೊನ್ನೆ ತೆಗೆದು ನೋಡೇ, ಹೆಪ್ಪಾಗಿದೆಯಾ ಅಂತ” ಎಂದು ಅಮ್ಮ ಒಳಗಿನಿಂದ ಕೂಗಿದರೆ ಬಂದ ನೆಂಟರು ಮುಖ ಮುಖ ನೋಡಿಕೊಳ್ಳುತ್ತಿದ್ದರು. ಅಮ್ಮ ಪ್ರತಿ ತಗಡಿನ ಕೆಳಮೈಯನ್ನು ಹುಣಸೆಹಣ್ಣು ಹಚ್ಚಿ, ತೆಂಗಿನ ನಾರಿನಿಂದ ಉಜ್ಜಿ, ಬಣ್ಣವನ್ನೆಲ್ಲ ಕಿತ್ತು ಹೊಳೆಯುವಂತೆ ಮಾಡಿದ ಮೇಲೇ ಅಡುಗೆಮನೆಗೆ ಬಿಟ್ಟುಕೊಳ್ಳುತ್ತಿದ್ದಳು. ಮೇಲ್ಮೈಯ ಅಂಕಿಯನ್ನು ಮಾತ್ರ ಮುಟ್ಟುತ್ತಿರಲಿಲ್ಲ. ಚಳಿಗಾಲದ ಬಿಸಿಲು ಬೀಳುವ ಹಿತ್ತಲಲ್ಲಿ ಹೊಸ ಅಂಕಿಗಳು ಸಾಲಾಗಿ ಗೋಡೆಗೊರಗಿ ಒಣಗುತ್ತಿದ್ದವು. ಮನೆತುಂಬ ಟರ್ಪೆಂಟೈನಿನ ವಾಸನೆ, ಅದರ ಜೊತೆಗೆ ಒಗ್ಗರಣೆಯ ಕರಿಬೇವಿನದು. ಈ ಎರಡೂ ಬೆರೆತ ವಾಸನೆ ಭೂಮಿಯ ಮೇಲೆ ಇನ್ನೆಲ್ಲೂ ಇರಲಿಕ್ಕಿಲ್ಲ. ನನ್ನ ಮಟ್ಟಿಗೆ ಚಳಿಗಾಲವೆಂದರೆ ಅದೇ.

ಅಂಕಿಗಳನ್ನು ಬರೆಯುತ್ತಿದ್ದವರು ದೊಡ್ಡಪ್ಪ, ಅಪ್ಪನ ಅಣ್ಣ. ಶನಿವಾರಸಂತೆಯ ಕಡೆಯಿಂದ ಹದಿನೆಂಟಕ್ಕೇ ಸೈನ್ಯ ಸೇರಿ, ಸಿಗ್ನಲ್ಸ್ ವಿಭಾಗದಲ್ಲಿ ಹವಾಲ್ದಾರರಾಗಿ ನಿವೃತ್ತರಾದವರು. ಮದುವೆಯಾಗಲಿಲ್ಲ. ಊರಿಗೆ ಹೋಗುತ್ತೇನೆ ಎಂದು ಟ್ರಂಕು ಕಟ್ಟಿಟ್ಟು ನಮ್ಮ ಮನೆಗೆ ಎರಡು ವಾರದ ಮಟ್ಟಿಗೆ ಬಂದವರು ಆ ಟ್ರಂಕನ್ನು ಮತ್ತೆ ಎತ್ತಲೇ ಇಲ್ಲ. ಸೈನ್ಯದ ಗೆಳೆಯರೊಬ್ಬರು ಹೇಳಿ ಅವರಿಗೆ ಕೋಟ್ಲಾ ಕ್ರಿಕೆಟ್ ಮೈದಾನದಲ್ಲಿ ಒಂದು ಕೆಲಸ ಸಿಕ್ಕಿತ್ತು: ಪಂದ್ಯದ ದಿನಗಳಲ್ಲಿ ಸ್ಕೋರ್‌ಬೋರ್ಡ್ ನಡೆಸುವುದು, ಉಳಿದ ದಿನಗಳಲ್ಲಿ ಅದರ ಅಂಕಿಗಳನ್ನು ತಿದ್ದಿ ಬರೆಯುವುದು. ಅಳಿಸಿಹೋದ, ತುಕ್ಕು ತಿಂದ ತಗಡುಗಳು ಮನೆಗೆ ಬರುತ್ತಿದ್ದವು. ಅಮ್ಮನಿಗೆ ಮುಚ್ಚಳ ಕೊಳ್ಳುವ ಕಷ್ಟವೇ ಇರಲಿಲ್ಲ.

ಈಗಿನ ಕೋಟ್ಲಾ ನೋಡಿದವರಿಗೆ ಹಳೆಯದನ್ನು ಹೇಗೆ ಹೇಳಲಿ? ಒಂದು ಪಕ್ಕದಲ್ಲಿ ಸುಲ್ತಾನರ ಕಾಲದ ಪಾಳುಕೋಟೆ, ಇನ್ನೊಂದು ಪಕ್ಕದಲ್ಲಿ ಪತ್ರಿಕೆಗಳ ಕಚೇರಿ ಸಾಲು, ನಡುವೆ ಗಿಡ್ಡ ಗಿಡ್ಡ ಸ್ಟ್ಯಾಂಡುಗಳ, ಯಾರದೋ ಹಳೇ ಮದುವೆ ಚಪ್ಪರದ ಹಾಗೆ ಅಲ್ಲೊಂದು ಇಲ್ಲೊಂದು ತುಂಡು ಸೇರಿಸಿ ಕಟ್ಟಿದ ಮೈದಾನ. ದೊಡ್ಡಪ್ಪ ಮೊದಲು ನೋಡಿದಾಗ ಒಂದು ಬದಿಗೆ ಬರೀ ಶಾಮಿಯಾನ ಇತ್ತಂತೆ. ಗಾಳಿ ಬಂದರೆ ಫೀಲ್ಡರುಗಳನ್ನು ಬಿಟ್ಟು ಜನ ಶಾಮಿಯಾನದ ಕಡೆ ನೋಡುತ್ತಿದ್ದರಂತೆ. ಆಮೇಲೆ ಸಿಮೆಂಟಿನ ಮೆಟ್ಟಿಲು ಬಂತು, ಆಮೇಲೆ ಕಬ್ಬಿಣದ ಬೇಲಿ ಬಂತು. ಪ್ರತಿಯೊಂದು ಬಂದಾಗಲೂ ಹಿಂದಿನದೇ ಚೆನ್ನಾಗಿತ್ತು ಎಂದು ದೊಡ್ಡಪ್ಪ ಹೇಳಿದ್ದರಂತೆ. ಡಿಸೆಂಬರಿನ ಬೆಳಿಗ್ಗೆ ಹತ್ತರವರೆಗೂ ಮಂಜು ಏಳುತ್ತಿರಲಿಲ್ಲ. ಬಿಳಿಬಟ್ಟೆಯ ಆಟಗಾರರು ಬಿಳಿಯ ಮಂಜಿನೊಳಗಿಂದ ಒಬ್ಬೊಬ್ಬರಾಗಿ ಮೂಡುವುದನ್ನು ನೋಡುತ್ತ ಅವರು ಅಲ್ಲೇ ತಯಾರಾಗುತ್ತಾರೆ ಎಂದೇ ನಾನು ತುಂಬ ದಿನ ತಿಳಿದಿದ್ದೆ.

ಸ್ಕೋರ್‌ಬೋರ್ಡ್ ಕೋಟೆಯ ಕಡೆಗಿತ್ತು. ಹೊರಗಿನವರಿಗೆ ಅದೊಂದು ಕಪ್ಪು ಗೋಡೆ. ಒಳಗೆ ಮರದ ಏಣಿ ಹತ್ತಿದರೆ ಎರಡು ಅಂತಸ್ತಿನ ಒಂದು ಕತ್ತಲ ಮನೆ: ಅಂಕಿಗಳ ಸಂದಿಯಿಂದ ಪಟ್ಟಿಪಟ್ಟಿಯಾಗಿ ಬೀಳುವ ಬಿಸಿಲು, ಪಾರಿವಾಳದ ಗೂಡು, ಸೀಮೆಎಣ್ಣೆ ಸ್ಟವ್, ಮೊಳೆಗೆ ನೇತುಹಾಕಿದ ನೂರಾರು ತಗಡು. ಕೆಳಗಿನ ಅಂತಸ್ತು ದೊಡ್ಡಪ್ಪನ ಜೊತೆ ಕೆಲಸ ಮಾಡುತ್ತಿದ್ದ ರಾಮ್‌ಫಲ್ ಭಯ್ಯಾನದು, ಮೇಲಿನದು ದೊಡ್ಡಪ್ಪನದು. ದೊಡ್ಡಪ್ಪ ಅಂಪೈರ್ ಸನ್ನೆ ನೋಡಿ ಅಂಕಿ ಕೂಗುವುದು, ರಾಮ್‌ಫಲ್ ಭಯ್ಯಾ ಕೆಳಗಿನ ಸಾಲು ಬದಲಿಸುವುದು. ಓವರ್ ಮುಗಿದಾಗ ಎದುರಿನ ಸ್ಟ್ಯಾಂಡಿನ ಸ್ಕೋರರ್ ಕೋಣೆಯ ಕಿಟಕಿಯಲ್ಲಿ ಬಿಳಿ ಕರವಸ್ತ್ರ ಆಡಿದರೆ ಬೋರ್ಡು ಸರಿ ಇದೆ ಎಂದು ಅರ್ಥ, ಕೆಂಪು ಆಡಿದರೆ ತಪ್ಪು. ಕರವಸ್ತ್ರ ಕಂಡ ಕೂಡಲೇ ಬೋರ್ಡಿನ ಕಿಂಡಿಯಿಂದ ದೊಡ್ಡಪ್ಪ ಕೈ ಹೊರಗೆ ಹಾಕಿ ಎತ್ತಬೇಕು. ಇದು ಅವರ ವೇದ. “ಸಿಗ್ನಲ್ ಕೊಟ್ಟೋನು ಕೊಟ್ಟ ಅಂತ ಮುಗಿಯಲ್ಲ ಪುಟ್ಟಿ. ಕಂಡೋನು ಕಂಡೆ ಅಂತ ಕೈ ಎತ್ತಬೇಕು. ಅಲ್ಲೀವರೆಗೂ ಅದು ಸಿಗ್ನಲ್ಲೇ ಅಲ್ಲ, ಬರೀ ಗಾಳಿ.”

ಸ್ಟೇಡಿಯಂ ಕೆಡವಿ ಹೊಸದು ಕಟ್ಟುತ್ತಾರೆ ಎಂಬ ಸುದ್ದಿ ಬಂದದ್ದು, ಜನಕಪುರಿಯ ರಸ್ತೆಯಲ್ಲಿ ಮೆಟ್ರೋ ಕಂಬಗಳು ಏಳುತ್ತಿದ್ದ ಆ ವರ್ಷಗಳಲ್ಲಿ. ಊರೇ ಅಗೆದು ಬಿದ್ದಿತ್ತು. ಬೋರ್ಡಿನ ಕಡೆಯ ಸ್ಟ್ಯಾಂಡು ಆ ಚಳಿಗಾಲದ ಪಂದ್ಯಗಳು ಮುಗಿದ ಮೇಲೆ ಬೀಳುತ್ತದೆ, ಅದರ ಜಾಗದಲ್ಲಿ ದೀಪದ ಬೋರ್ಡು ಬರುತ್ತದೆ ಎಂದರು. ದೊಡ್ಡಪ್ಪ ಒಂದು ವಾರ ಸರಿಯಾಗಿ ಊಟ ಮಾಡಲಿಲ್ಲ. ಆಮೇಲೆ ಎಲ್ಲಾ ಅಂಕಿಗಳನ್ನೂ ಮನೆಗೆ ತಂದು, ಒಂದೂ ಬಿಡದೆ ಹೊಸದಾಗಿ ಬರೆಯಲು ಕೂತರು. “ಬೀಳೋ ಗೋಡೆಗೆ ಸುಣ್ಣ ಯಾಕಣ್ಣ?” ಎಂದು ಅಪ್ಪ ಕೇಳಿದ. “ಪೆರೇಡಿನ ಕೊನೇ ದಿನ ಬೂಟಿಗೆ ಪಾಲಿಶ್ ಬೇಡ್ವೇನೋ?” ಎಂದರು ದೊಡ್ಡಪ್ಪ.

ಆಗ ನನಗೆ ಹದಿಮೂರು. ಅವರು ಬರೆದ ಏಳರ ಕಾಲು ತಗಡಿನ ಅಂಚು ದಾಟಿ ನೆಲದ ಮೇಲೂ ಹೋಗಿದ್ದನ್ನು ನೋಡಿದ್ದು ನಾನು. ಬಾಗಿಲ ಚೌಕಟ್ಟಿಗೆ ಎಡಭುಜ ಬಡಿಯುವುದು, ಪಕ್ಕದಲ್ಲಿಟ್ಟ ಲೋಟ ಕೈತಾಕಿ ಬೀಳುವುದು, ಬೀದಿದೀಪದ ಸುತ್ತ ಕಾಮನಬಿಲ್ಲು ಕಾಣುತ್ತಿದೆ ಎಂದು ಅವರೇ ಒಂದು ಸಂಜೆ ಹೇಳಿದ್ದು. ಎಲ್ಲವನ್ನೂ ನಾನು ಒಟ್ಟು ಮಾಡಿಕೊಂಡೆ. ಚಿಂತೆ ಮಾಡುವ ವಿದ್ಯೆ ಎಷ್ಟನೇ ವಯಸ್ಸಿಗೆ ಬಂತು ಎಂದು ಯಾರಾದರೂ ಕೇಳಿದರೆ ನಾನು ಆ ಹಿತ್ತಲನ್ನು ತೋರಿಸಬಲ್ಲೆ. ಕಣ್ಣು ಸರಿಯಾಗಿ ಕಾಣುತ್ತಿಲ್ಲವಾ ಎಂದು ನಾನು ಕೇಳಿದಾಗ ದೊಡ್ಡಪ್ಪ ಕುಂಚ ಕೆಳಗಿಟ್ಟರು.

“ನಿಮ್ಮಪ್ಪನಿಗೆ ಹೇಳಿದ್ರೆ ನಾಳೆನೇ ಆಸ್ಪತ್ರೆ. ಆಸ್ಪತ್ರೆಗೆ ಹೋದ್ರೆ ಅವರು ಬಿಡಲ್ಲ, ಮೈದಾನದವರು ಸೇರಿಸಲ್ಲ. ಫೆಬ್ರವರಿ ಮುಗೀಲಿ. ಕೊನೇ ಅಂಕಿ ನಾನೇ ಇಳಿಸಿ ಬರ್ತೀನಿ. ಆಮೇಲೆ ಕಣ್ಣು ಕಿತ್ತು ಅವರ ಕೈಗೇ ಕೊಡ್ತೀನಿ.”

“ಅಲ್ಲೀವರೆಗೆ?”

“ಅಲ್ಲೀವರೆಗೆ ನೀನಿದೀಯಲ್ಲ, ಲ್ಯಾನ್ಸ್ ನಾಯಕ್.”

ಅಮ್ಮನ ಆಣೆ ಹಾಕಿಸಿಕೊಂಡರು, ಯಾರಿಗೂ ಹೇಳಕೂಡದೆಂದು. ಆಣೆಗಿಂತ ನನ್ನನ್ನು ಕಟ್ಟಿಹಾಕಿದ್ದು ಸೈನ್ಯದ ಆ ಪದವಿ. ಅಲ್ಲಿಯವರೆಗೆ ನಾನು ಯಾವುದರಲ್ಲೂ ಯಾವ ನಾಯಕಿಯೂ ಆಗಿರಲಿಲ್ಲ.

ಭಾನುವಾರಗಳಲ್ಲಿ, ಆಮೇಲೆ ಚಳಿಗಾಲದ ರಜೆಯಲ್ಲಿ ದಿನವೂ, ಅಮ್ಮ ಕಟ್ಟಿಕೊಟ್ಟ ಚಿತ್ರಾನ್ನದ ಡಬ್ಬಿ ಹಿಡಿದು ನಾನು ದೊಡ್ಡಪ್ಪನ ಜೊತೆ ಬಸ್ಸು ಹತ್ತುತ್ತಿದ್ದೆ. ಬೋರ್ಡಿನ ಮೇಲಂತಸ್ತಿನ ಕಿಂಡಿಗೆ ಹಣೆ ಒತ್ತಿ ಕೂತು ಕಂಡದ್ದನ್ನೆಲ್ಲ ಕನ್ನಡದಲ್ಲಿ ಹೇಳುವುದು ನನ್ನ ಕೆಲಸ. ನನಗೆ ಆಟದ ಪರಿಭಾಷೆ ಬರುತ್ತಿರಲಿಲ್ಲ. “ದೊಡ್ಡಪ್ಪ, ಮಂಡಿ ತಟ್ಕೊಂಡ್ರು.” “ಲೆಗ್ ಬೈ. ಒಂದು.” “ಎರಡೂ ಕೈ ಅಗಲಿಸಿದ್ರು.” “ವೈಡ್.” “ಈಗ ಕೆನ್ನೆ ತುರಿಸ್ಕೊಂಡ್ರು.” “ಅದನ್ನ ಬರೆಯಲ್ಲ ಪುಟ್ಟಿ.” ಕೆಳಗಿನಿಂದ ರಾಮ್‌ಫಲ್ ಭಯ್ಯಾ, “ಹವಾಲ್ದಾರ್ ಸಾಬ್, ಭತೀಜಿ ಕಮೆಂಟರಿ ಬಹುತ್ ಬಢಿಯಾ ಕರ್ತೀ ಹೈ, ಸಮಝ್ ಕುಛ್ ನಹೀಂ ಆತಾ” ಎನ್ನುತ್ತಿದ್ದ; ಕಮೆಂಟರಿ ಚೆಂದ, ಅರ್ಥ ಮಾತ್ರ ಒಂದೂ ಆಗಲ್ಲ ಎಂದು. ಬಿಳಿ ಕರವಸ್ತ್ರ ಕಂಡ ಕೂಡಲೇ ನಾನು ದೊಡ್ಡಪ್ಪನ ಮೊಣಕೈ ಮುಟ್ಟುತ್ತಿದ್ದೆ; ಅವರ ಕೈ ಹೊರಗೆ ಹೋಗಿ ಏಳುತ್ತಿತ್ತು. ಇಡೀ ಮೈದಾನದಲ್ಲಿ ಆಟ ನೋಡದೆ ಬರೀ ಅಂಪೈರನ್ನು ನೋಡಿ ಬೆಳೆದ ಹುಡುಗಿ ನಾನೊಬ್ಬಳೇ ಇರಬೇಕು. ಯಾವ ದೊಡ್ಡ ಆಟಗಾರನ ಹೊಡೆತವೂ ನನಗೆ ನೆನಪಿಲ್ಲ. ಅಂಪೈರ್ ಒಬ್ಬರ ಎಡಗಾಲಿನ ಶೂ ದಾರ ಯಾವಾಗಲೂ ಬಿಚ್ಚಿರುತ್ತಿತ್ತು ಎಂಬುದು ನೆನಪಿದೆ, ಎಡವುತ್ತಾರೆ ಎಂದು ದಿನವಿಡೀ ಹೆದರಿದ್ದರಿಂದ.

ನಿಜವಾದ ಹೆದರಿಕೆ ಬೇರೆಯದಿತ್ತು. ಜನವರಿ ಬರುವ ಹೊತ್ತಿಗೆ ದೊಡ್ಡಪ್ಪ ಏಣಿ ಹತ್ತುವಾಗ ಮೆಟ್ಟಿಲನ್ನು ಕಾಲಿನಲ್ಲಿ ತಡವುತ್ತಿದ್ದರು. ಯಾರಿಗಾದರೂ ಹೇಳಬೇಕು, ಹೇಳಿದರೆ ಅಮ್ಮನ ಆಣೆ. ಆಗ ನನಗೆ ಹೊಳೆದದ್ದು ಜಿನ್ನುಗಳು. ದಿಲ್ಲಿಯವರಿಗೆ ಗೊತ್ತು: ಪಕ್ಕದ ಪಾಳುಕೋಟೆಯಲ್ಲಿ ಜಿನ್ನುಗಳಿವೆ ಎಂದು ನಂಬಿಕೆ. ಗುರುವಾರ ಗುರುವಾರ ಜನ ಬಂದು, ತಮ್ಮ ಕಷ್ಟವನ್ನು ಕಾಗದದಲ್ಲಿ ಬರೆದು, ಗೋಡೆಯ ಸಂದಿಗೆ ಸಿಕ್ಕಿಸಿ, ಊದುಬತ್ತಿ ಹಚ್ಚಿ ಹೋಗುತ್ತಾರೆ. ರಾಮ್‌ಫಲ್ ಭಯ್ಯಾ ಕೂಡ ಊಟದ ವಿರಾಮದಲ್ಲಿ ಒಂದು ಲೋಟ ಹಾಲು ಹಿಡಿದು ಹೋಗುತ್ತಿದ್ದ. ನಾನು ಲೆಕ್ಕ ಹಾಕಿದೆ: ಆಣೆ ಮನುಷ್ಯರಿಗೆ ಹೇಳಬಾರದೆಂದು. ಜಿನ್ನು ಮನುಷ್ಯ ಅಲ್ಲ. ಆದರೂ ಹಿಂದಿಯಲ್ಲಿ ಬರೆದರೆ ದಾರಿಹೋಕರು ಓದಿಬಿಡಬಹುದು. ಆದ್ದರಿಂದ ಕನ್ನಡದಲ್ಲಿ ಬರೆದೆ. ದೊಡ್ಡಪ್ಪನೇ ತಗಡಿನ ಮೇಲೆ ಸೀಮೆಸುಣ್ಣದಲ್ಲಿ ಬರೆದು ಕಲಿಸಿದ, ಪ್ರತಿ ಅಕ್ಷರದ ತಲೆಕಟ್ಟೂ ದೊಡ್ಡದಾಗಿದ್ದ ನನ್ನ ಕನ್ನಡದಲ್ಲಿ. ‘ಜಿನ್ ಅವರಿಗೆ ನಮಸ್ಕಾರ. ದೊಡ್ಡಪ್ಪನಿಗೆ ಕಣ್ಣು ಕಾಣಿಸುತ್ತಿಲ್ಲ. ಯಾರಿಗೂ ಹೇಳಬೇಡ ಅಂದಿದ್ದಾರೆ. ನನಗೆ ತುಂಬಾ ಭಯ ಆಗುತ್ತೆ. ನೀವಾದರೂ ಅಪ್ಪನಿಗೆ ಹೇಳಿ.’ ಊದುಬತ್ತಿಗೆ ದುಡ್ಡಿರಲಿಲ್ಲ. ಕಾಗದವನ್ನು ಸಂದಿಗೆ ಸಿಕ್ಕಿಸಿ, ಮಧ್ಯಾಹ್ನದ ಬಾಳೆಹಣ್ಣು ಇಟ್ಟೆ. ಅರಬ್ಬೀ ಫಾರಸೀ ಬಲ್ಲ ಜಿನ್ನುಗಳಿಗೆ ಕನ್ನಡ ಬರುತ್ತದೆಯೇ ಎಂಬ ಚಿಂತೆ ಮನೆಗೆ ಬಂದ ಮೇಲೆ ಹತ್ತಿತು. ಅಷ್ಟು ಹೊತ್ತಿಗೆ ತಡವಾಗಿತ್ತು.

ಮುಂದಿನ ಗುರುವಾರ ಊಟದ ವಿರಾಮ ಮುಗಿಯುತ್ತಿದ್ದ ಹಾಗೆ ರಾಮ್‌ಫಲ್ ಭಯ್ಯಾ ಏಣಿ ಹತ್ತಿ ಬಂದ. ಕೈಯಲ್ಲಿ ಮಣ್ಣು ಮೆತ್ತಿದ ಒಂದು ಕಾಗದ. ಗಾಳಿಗೆ ಗೋಡೆಯಿಂದ ಬಿದ್ದಿತ್ತಂತೆ, ಜನ ತುಳಿಯುತ್ತಿದ್ದರಂತೆ. ದೊಡ್ಡಪ್ಪ ತಗಡುಗಳ ಬೆನ್ನ ಮೇಲೆ ಬರೆಯುವ ಗುಂಡುಗುಂಡು ಕನ್ನಡ ಅಕ್ಷರವನ್ನು ಅವನು ದಿನಾ ನೋಡಿದವನು. “ಯೇ ತೋ ಆಪ್ ಹೀ ಕೀ ಲಿಖಾವಟ್ ಹೈ ಸಾಬ್. ಪಢ್ ದೀಜಿಯೇ, ಫಿರ್ ವಾಪಸ್ ಲಗಾ ದೂಂಗಾ. ಕಿಸೀ ಬೇಚಾರೇ ಕಾ ದುಖ್ ಹೋಗಾ” ಎಂದ. ನಿಮ್ಮದೇ ಲಿಪಿ, ಓದಿ ಹೇಳಿದರೆ ವಾಪಸ್ ಸಿಕ್ಕಿಸುತ್ತೇನೆ, ಯಾರದೋ ಪಾಪದವರ ಕಷ್ಟವಿರಬೇಕು ಎಂದು ಅವನ ಮಾತು. ನನ್ನ ಬಾಯಲ್ಲಿದ್ದ ಚಿತ್ರಾನ್ನ ಅಲ್ಲೇ ನಿಂತಿತು.

ದೊಡ್ಡಪ್ಪ ಕಾಗದವನ್ನು ತೆಗೆದುಕೊಂಡು ಕಿಂಡಿಯ ಬೆಳಕಿಗೆ ಹೋದರು. ನಮಗೆ ಬೆನ್ನು ಹಾಕಿ, ಮುಖದ ನೇರಕ್ಕೆ ಹಿಡಿದು, ತುಂಬ ಹೊತ್ತು ನಿಂತರು. ಪಾರಿವಾಳಗಳು ಗುಟುರು ಹಾಕುತ್ತಿದ್ದವು. ಆಮೇಲೆ ತಿರುಗಿ, “ಕನ್ನಡಕ ಮರೆತು ಬಂದಿದೀನಿ. ನೀನೇ ಓದು ಪುಟ್ಟಿ” ಎಂದು ಕಾಗದ ನನ್ನ ಕಡೆ ಚಾಚಿದರು. ಕನ್ನಡಕ ಅವರ ಅಂಗಿಯ ಜೇಬಿನಲ್ಲೇ ಇತ್ತು. ಅದರ ಕಡ್ಡಿ ಹೊರಗೆ ಕಾಣುತ್ತಿತ್ತು. ಪಾಪ, ಕಣ್ಣು ಕಾಣದ್ದು ರಾಮ್‌ಫಲ್ ಭಯ್ಯಾನಿಗೆ ಗೊತ್ತಾಗಬಾರದು ಎಂದು ಸುಳ್ಳು ಹೇಳುತ್ತಿದ್ದಾರೆ ಎಂದುಕೊಂಡೆ. ಅವರ ಮಾನ ಉಳಿಸುವುದು ಲ್ಯಾನ್ಸ್ ನಾಯಕಳ ಕರ್ತವ್ಯ ಎಂದುಕೊಂಡೆ. ನನ್ನ ಗುಟ್ಟು ಬಯಲಾಗಲಿಲ್ಲವಲ್ಲ, ಬದುಕಿದೆ ಎಂದು ಒಳಗೊಳಗೇ ಅಂದುಕೊಂಡದ್ದನ್ನೂ ಹೇಳಿಬಿಡುತ್ತೇನೆ.

ಕಾಗದ ಬಿಡಿಸಿ, ಗಂಟಲು ಸರಿಮಾಡಿಕೊಂಡು, ನಾನು ಓದಿದೆ: “ಜಿನ್ ಅವರಿಗೆ ನಮಸ್ಕಾರ. ನಾನು ಕರೋಲ್ ಬಾಗ್ ಹುಡುಗ. ಗಣಿತದಲ್ಲಿ ಪಾಸು ಮಾಡಿಸಿ.”

“ಅಷ್ಟೇನಾ?”

“ಅಷ್ಟೇ ದೊಡ್ಡಪ್ಪ.”

“ಇನ್ನೊಂದ್ಸಲ ಸರಿಯಾಗಿ ನೋಡು. ಕೆಳಗೆ ಏನೂ ಇಲ್ವಾ?”

“ಇಲ್ಲ.”

ಅವರು ನನ್ನ ಕೈಯಿಂದ ಕಾಗದ ತೆಗೆದುಕೊಂಡರು. ಆಮೇಲೆ ರಾಮ್‌ಫಲ್ ಭಯ್ಯಾನಿಗೆ ಹಿಂದಿಯಲ್ಲಿ, ಯಾರೋ ಹುಡುಗನ ಪರೀಕ್ಷೆಯಂತೆ, ನಾನೇ ವಾಪಸ್ ಇಟ್ಟು ಬರುತ್ತೇನೆ ಎಂದರು. ಕಾಗದವನ್ನು ನಾಲ್ಕು ಮಡಿಕೆ ಮಾಡಿ, ಅದೇ ಜೇಬಿಗೆ, ಕನ್ನಡಕದ ಪಕ್ಕಕ್ಕೆ ಹಾಕಿಕೊಂಡರು. ಹೊರಗೆ ಅಂಪೈರುಗಳು ಮೈದಾನಕ್ಕೆ ಇಳಿಯುತ್ತಿದ್ದರು. “ಚಲೋ ಲ್ಯಾನ್ಸ್ ನಾಯಕ್, ಡ್ಯೂಟಿ” ಎಂದರು.

ಫೆಬ್ರವರಿಯ ಕೊನೆಯ ಪಂದ್ಯ ಒಂದು ಭಾನುವಾರ ಡ್ರಾ ಆಯಿತು. ಕೊನೆಯ ಅಂಕಿ ಎಂದು ಇಳಿಸಲು ಯಾವ ಗೆಲುವೂ ಸಿಗಲಿಲ್ಲ. ಸ್ಟ್ಯಾಂಡುಗಳಲ್ಲಿ ನೂರು ಜನರೂ ಇರಲಿಲ್ಲ. ಕಡಲೆಕಾಯಿ ಮಾರುವವನು ತನ್ನ ಬುಟ್ಟಿಯ ಮೇಲೇ ಕೂತು ನಿದ್ದೆ ಹೊಡೆಯುತ್ತಿದ್ದ. ಬಿಳಿ ಕರವಸ್ತ್ರ ಆಡಿತು, ನಾನು ಮೊಣಕೈ ಮುಟ್ಟಿದೆ, ದೊಡ್ಡಪ್ಪ ಕೈ ಎತ್ತಿದರು. ಎದುರಿನ ಕಿಟಕಿಯ ಸ್ಕೋರರ್ ಕರವಸ್ತ್ರವನ್ನು ಇಳಿಸದೆ ಇನ್ನೂ ಆಡಿಸುತ್ತಲೇ ಇದ್ದರು, ರೈಲು ಹೊರಟಾಗ ಆಡಿಸುವ ಹಾಗೆ. ದೊಡ್ಡಪ್ಪನೂ ಕೈ ಇಳಿಸಲಿಲ್ಲ. ನಂತರ ಒಂದೊಂದಾಗಿ ಅಂಕಿಗಳನ್ನು ಇಳಿಸಿ, ಪ್ರತಿಯೊಂದನ್ನೂ ಅಂಗೈಯಲ್ಲಿ ಒರೆಸಿ, ನನ್ನ ಕೈಗೆ ಕೊಟ್ಟರು. ಬೋರ್ಡಿನ ತುಂಬ ಚೌಕ ಚೌಕ ತೂತುಗಳಾದವು. ಎಲ್ಲ ತೂತುಗಳಲ್ಲೂ ಸಂಜೆಯ ಬಿಸಿಲು ಒಳಗೆ ಬಂದು ಕೂತಿತು.

ಆ ರಾತ್ರಿ ಊಟದ ತಟ್ಟೆಯ ಮುಂದೆ ದೊಡ್ಡಪ್ಪನೇ ಅಪ್ಪನಿಗೆ ಹೇಳಿದರು. ಮರುದಿನ ಆಸ್ಪತ್ರೆ. ನಾನೂ ಹೋಗಿದ್ದೆ. ಡಾಕ್ಟರು ವಯಸ್ಸಾದ ಹೆಂಗಸು. ಕಾಲಾ ಮೋತಿಯಾ, ಅಂದರೆ ಗ್ಲಾಕೋಮಾ, ಎಂದರು. ಎಡಗಣ್ಣು ಮುಗಿದಿದೆ, ಬಲಗಣ್ಣಿನಲ್ಲಿ ಸುತ್ತಲಿನದೆಲ್ಲ ಹೋಗಿ ಕೊಳವೆಯಲ್ಲಿ ನೋಡಿದಷ್ಟು ಉಳಿದಿದೆ, ಹೋದದ್ದು ಬರುವುದಿಲ್ಲ, ಎರಡು ಮೂರು ತಿಂಗಳ ಹಿಂದೆ ಬಂದಿದ್ದರೆ ಇನ್ನಷ್ಟು ಉಳಿಸಬಹುದಿತ್ತು ಎಂದರು. ಅಪ್ಪ, “ಹಾಗಾದರೆ ಇವರಿಗೆ ಈಗ ಏನೂ ಕಾಣಲ್ವಾ?” ಎಂದು ಕೇಳಿದ. “ಎದುರಿನದೆಲ್ಲ ಕಾಣುತ್ತೆ. ಪಕ್ಕದ್ದು ಕಾಣಲ್ಲ ಅಷ್ಟೇ ಅನ್ನಿ. ಕಾಗದ ಎದುರಿಗೆ ಹಿಡಿದರೆ ಸಣ್ಣ ಅಕ್ಷರ ಕೂಡ ಓದ್ತಾರೆ” ಎಂಬರ್ಥದಲ್ಲಿ ಅವರು ಹಿಂದಿಯಲ್ಲಿ ಹೇಳಿದರು. ನಾನು ಬಾಗಿಲ ಹತ್ತಿರ ನಿಂತಿದ್ದೆ. ದೊಡ್ಡಪ್ಪ ನನ್ನ ಕಡೆ ತಿರುಗಲಿಲ್ಲ.

ಹಾಗಾದರೆ ಆ ಕಾಗದವನ್ನು ಅವತ್ತೇ ಓದಿದ್ದರೇ? ಕೇಳಲು ನನಗೆ ಬಾಯಿ ಬರಲಿಲ್ಲ. ಕೇಳದೇ ಇದ್ದರೆ ಓದಿಲ್ಲವೆಂದೇ ಉಳಿಯುತ್ತದೆ ಎಂದು ನಂಬಿದ್ದೆ. ಪರೀಕ್ಷೆ ಬಂತು, ಹೋಯಿತು. ಬೋರ್ಡಿನ ಕಡೆಯ ಸ್ಟ್ಯಾಂಡು ಬಿತ್ತು ಎಂದು ರಾಮ್‌ಫಲ್ ಭಯ್ಯಾ ಒಂದು ಮೂಟೆ ತಗಡು ಹೊತ್ತು ಬಂದು ಹೇಳಿ, ಅಮ್ಮ ಕೊಟ್ಟ ಕಾಫಿಯನ್ನು ಮುಖ ಸಿಂಡರಿಸಿಕೊಂಡು ಕುಡಿದು ಹೋದ. ಏಪ್ರಿಲಿನಲ್ಲಿ ನನ್ನ ಫಲಿತಾಂಶ ಬಂತು. ಹಿತ್ತಲಲ್ಲಿ ಬೆತ್ತದ ಕುರ್ಚಿಯ ಮೇಲೆ ಕೂತಿದ್ದ ದೊಡ್ಡಪ್ಪ ಕಾರ್ಡನ್ನು ತಮ್ಮ ಮುಖದ ನೇರಕ್ಕೆ ಹಿಡಿದು ಓದಿದರು. ಗಣಿತದಲ್ಲಿ ಎಪ್ಪತ್ತೊಂದು.

“ಪರವಾಗಿಲ್ಲ” ಎಂದರು. “ನಿನ್ನ ಜಿನ್ನು ಅಷ್ಟಾದ್ರೂ ಮಾಡ್ತಲ್ಲ.”

ಅವರು ನಗುತ್ತಿದ್ದರು, ನಿಜವಾಗಿಯೂ ತಮಾಷೆಯಾಗಿಯೇ ನಗುತ್ತಿದ್ದರು. ಕರೋಲ್ ಬಾಗ್ ಹುಡುಗನ ಮಾತು ಅವರೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ನಾನು ಏನು ಮಾಡಿದೆ ಎನ್ನುತ್ತೀರಿ? ಕಾಫಿ ತರಲಾ ದೊಡ್ಡಪ್ಪ ಎಂದು ಕೇಳಿ ಒಳಗೆ ಹೋದೆ. ಹಾಲಿನ ಮೇಲಿನ ತಗಡು ಎತ್ತಿ, ಮತ್ತೆ ಇಟ್ಟು, ಮತ್ತೆ ಎತ್ತಿದೆ.

ಆಮೇಲೆ ಎಂಟು ವರ್ಷ ಇದ್ದರು. ಬೆಳಿಗ್ಗೆ ಏಳಕ್ಕೆ, ಸಂಜೆ ಏಳಕ್ಕೆ ಅವರ ಬಲಗಣ್ಣಿಗೆ ಔಷಧಿಯ ಹನಿ ಹಾಕುವುದು ನನ್ನ ಕೆಲಸ; ಐದು ನಿಮಿಷ ತಡವಾಗುತ್ತದೆ ಅನ್ನಿಸಿದರೆ ಬಸ್ ಸ್ಟಾಪಿನಿಂದ ಓಡಿಯೇ ಬರುತ್ತಿದ್ದೆ. ಉಳಿದ ಕೊಳವೆಯಷ್ಟು ನೋಟ ಕೊನೆಯವರೆಗೂ ಉಳಿಯಿತು. ಹೊಸ ಸ್ಟೇಡಿಯಂ ಕಟ್ಟಿ ಮುಗಿದ ಮೇಲೆ ಒಮ್ಮೆ ಅವರನ್ನು ಕರೆದುಕೊಂಡು ಹೋಗಿದ್ದೆ. ಬಣ್ಣದ ಕುರ್ಚಿಗಳು, ಆಕಾಶಕ್ಕೆ ಏರಿದ ಸ್ಟ್ಯಾಂಡುಗಳು, ಕಿವಿ ಹರಿಯುವ ಸಂಗೀತ. ದೀಪದ ಬೋರ್ಡು ಚೆಂಡು ಬೀಳುವ ಮೊದಲೇ ಅಂಕಿ ಬದಲಿಸುವ ಹಾಗೆ ಕಾಣುತ್ತಿತ್ತು. ದೊಡ್ಡಪ್ಪ ತಲೆಯನ್ನು ಮೆಲ್ಲಗೆ ಆ ಕಡೆ ಈ ಕಡೆ ತಿರುಗಿಸುತ್ತ ಅದನ್ನು ತುಂಡು ತುಂಡಾಗಿ ನೋಡಿದರು. “ಒಳಗೆ ಯಾರೂ ಇಲ್ಲ ಅಲ್ವಾ?” ಎಂದರು. ಸ್ವಲ್ಪ ಹೊತ್ತಿನ ಮೇಲೆ ಅವರ ಮೊಣಕೈ ನನ್ನ ಕಡೆಗೆ ಒಂದಿಷ್ಟು ಸರಿಯಿತು. ಓವರ್ ಮುಗಿದಿತ್ತು.

ಜನಕಪುರಿಯ ಮನೆ ಈಗಿಲ್ಲ. ಆ ಜಾಗದಲ್ಲಿ ನಾಲ್ಕು ಅಂತಸ್ತು ಎದ್ದಿದೆ, ಹಿತ್ತಲಿದ್ದಲ್ಲಿ ಕಾರುಗಳು ನಿಲ್ಲುತ್ತವೆ. ಮನೆ ಖಾಲಿ ಮಾಡುವಾಗ ಅಮ್ಮ ತಗಡುಗಳನ್ನೆಲ್ಲ ಗುಜರಿಗೆ ಹಾಕಿದಳು, ನಾನು ಒಂದನ್ನು ಸೀರೆಯಲ್ಲಿ ಸುತ್ತಿ ತಂದೆ. ದೊಡ್ಡಪ್ಪನ ಟ್ರಂಕಿನಲ್ಲಿ ಆ ಕಾಗದ ಸಿಗುತ್ತದೇನೋ ಎಂದು ಹುಡುಕಿದ್ದೆ. ಸಿಗಲಿಲ್ಲ. ವಾಪಸ್ ಇಟ್ಟು ಬರುತ್ತೇನೆ ಎಂದಿದ್ದರಲ್ಲ, ಇಟ್ಟಿರಬೇಕು; ಮಾತಿಗೆ ತಪ್ಪುವವರಲ್ಲ. ಆ ಗೋಡೆಯ ಯಾವುದೋ ಸಂದಿಯಲ್ಲಿ ಈಗಲೂ ಇದ್ದರೂ ಇರಬಹುದು, ಕನ್ನಡ ಬಾರದ ಜಿನ್ನುಗಳ ನಡುವೆ.

ಇಡೀ ಚಳಿಗಾಲ ಆ ಕಿಂಡಿಯಲ್ಲಿ ಕೂತು ನಾನು ಒಂದು ಸನ್ನೆಯನ್ನೂ ತಪ್ಪಿಸಲಿಲ್ಲ. ಮಂಡಿ ತಟ್ಟಿದ್ದು ಹೇಳಿದೆ, ಕೆನ್ನೆ ತುರಿಸಿಕೊಂಡದ್ದೂ ಹೇಳಿದೆ. ಒಬ್ಬರು ನನ್ನ ಎದುರಿಗೇ ನಿಂತು, ಒಂದು ಬಿಳಿ ಕಾಗದ ಚಾಚಿ, ಇನ್ನೊಂದು ಸಲ ಸರಿಯಾಗಿ ನೋಡು ಎಂದಾಗ ಮಾತ್ರ ನಾನು ಕೈ ಎತ್ತಲಿಲ್ಲ. ಬೆಳಿಗ್ಗೆ ಹಾಲು ಆರುವವರೆಗೆ ಕಾಯುತ್ತ ಅಡುಗೆಮನೆಯ ಕಿಟಕಿಯಲ್ಲಿ ನಿಂತಿರುತ್ತೇನೆ. ಚಳಿಗಾಲವಾದರೆ ಹೊರಗೆ ಗುರುಗ್ರಾಮದ ಮಂಜು, ಎದುರಿನ ಟವರು ಅರೆಬರೆ ಕಾಣುತ್ತದೆ. ಆ ಮಂಜಿನೊಳಗೆ ಯಾವುದೋ ಬಾಲ್ಕನಿಯಲ್ಲಿ ಯಾರೋ ಒಣಹಾಕಿದ ಬಿಳಿಬಟ್ಟೆಯೊಂದು ಅಲ್ಲಾಡುತ್ತದೆ. ತಗಡನ್ನು ಪಾತ್ರೆಯ ಮೇಲೆ ಇಡುತ್ತೇನೆ. ಟಣ್. ಆಮೇಲೆ, ಮಗಳು ನೋಡುತ್ತಿಲ್ಲ ಎಂದು ಖಾತ್ರಿ ಮಾಡಿಕೊಂಡು, ಕೈಯನ್ನು ಕಿಟಕಿಯ ಸರಳುಗಳ ನಡುವಿನಿಂದ ಹೊರಗೆ ಹಾಕಿ, ಒಂದಿಷ್ಟು ಹೊತ್ತು ಎತ್ತಿ ಹಿಡಿಯುತ್ತೇನೆ.